ಮೂರು ವಾರ ಆದರೂ ಒಂದು ಗಿಡ ನೆಟ್ಟಿಲ್ಲ!

ಜಯನಗರದ ಓದುಗರೊಬ್ಬರ ಪತ್ರ: "ನಮ್ಮ ಅಪಾರ್ಟ್‌ಮೆಂಟಿನ ಅಂಗಳಕ್ಕೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಒಬ್ಬರನ್ನು ಕರೆಸಿದ್ದೇವೆ. ಅಂಗಳದ ಮುಕ್ಕಾಲು ಭಾಗದ ಕೆಳಗೆ ಕಾರ್ ಪಾರ್ಕಿಂಗ್ ಇದೆ. ಇಪ್ಪತ್ತೈದು ವರ್ಷದ ಅನುಭವವಂತೆ. ಮೂರು ವಾರದಿಂದ ಗುಂಡಿ ತೋಡಿಸುತ್ತಾರೆ, ನೀರು ಸುರಿಯುತ್ತಾರೆ, ವಾಚು ನೋಡುತ್ತಾ ಕೂರುತ್ತಾರೆ. ನಮ್ಮ ಮಾಲಿಯಾದರೆ ಎರಡೇ ದಿನದಲ್ಲಿ ಮುಗಿಸುತ್ತಿದ್ದ. ಗುಲ್‌ಮೊಹರ್ ನೆಡೋಣ ಎಂದರೆ ಬೇಡ ಅಂದರು. ಇದಕ್ಕೆ ಫೀಸು ಬೇರೆ!"

ಸಂಪಾದಕರ ಉತ್ತರ:

ಪತ್ರ ಓದಿ ನಗು ಬಂತು. ಆಮೇಲೆ ನಮ್ಮ ಮನೆಯ ಸಂಪಿಗೆ ಗಿಡ ನೆನಪಾಯಿತು, ನಗು ನಿಂತಿತು.

ಮನೆ ಕಟ್ಟಿದವರು ಹೋಗುವಾಗ ಅಂಗಳಕ್ಕೆ ಚೆಂದದ ಕೆಮ್ಮಣ್ಣು ಹರಡಿದ್ದರು. ಸಂಪಿಗೆ ನೆಟ್ಟೆ. ವರ್ಷದೊಳಗೆ ಎಲೆಯೆಲ್ಲ ಹಳದಿ. ಗೊಬ್ಬರ ಹಾಕಿದೆ, ಬೇವಿನ ಹಿಂಡಿ ಹಾಕಿದೆ. ಸತ್ತೇ ಹೋಯಿತು. ಕಿತ್ತು ನೋಡಿದರೆ ಒಂದಡಿ ಕೆಳಗೆ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ! ಸಿಮೆಂಟಿನ ಸುಣ್ಣ ಮಣ್ಣಿಗೆ ಸೇರಿದರೆ ಬೇರಿಗೆ ಕಬ್ಬಿಣದ ಅಂಶ ಸಿಗುವುದಿಲ್ಲ, ಎಲೆ ಹಳದಿಯಾಗುತ್ತದೆ. ಮೊದಲೇ ಯಾರಾದರೂ ಒಂದು ಗುಂಡಿ ತೋಡಿದ್ದರೆ ಸಾಕಿತ್ತು, ಅಲ್ವಾ?

ನಿಮ್ಮವರು ಮಾಡುತ್ತಿರುವುದು ಅದನ್ನೇ. ಗುಂಡಿಯ ನೀರು ಎಷ್ಟು ಹೊತ್ತಿಗೆ ಇಂಗುತ್ತದೆ ಅನ್ನುವುದರ ಮೇಲೆ ಇಂಗುಗುಂಡಿ ಎಲ್ಲಿರಬೇಕು, ಮಳೆನೀರು ಯಾವ ಕಡೆ ಇಳಿಯಬೇಕು ಎಂದು ತೀರ್ಮಾನವಾಗುತ್ತದೆ. ಗಿಡದ ಮಾತು ಆಮೇಲೆ.

ಇನ್ನೊಂದು ವಿಷಯ. ಅಂಗಳದ ಮುಕ್ಕಾಲು ಭಾಗದ ಕೆಳಗೆ ಕಾರ್ ಪಾರ್ಕಿಂಗ್ ಇದೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಅದು ನೆಲವಲ್ಲ, ತಾರಸಿ. ಅದರ ಮೇಲೆ ಮೂರಡಿ ಮಣ್ಣು ಹಾಕಿ, ಮಳೆಗೆ ಪೂರ್ತಿ ನೆನೆದರೆ, ಒಂದು ಚದರ ಅಡಿಗೆ ಸುಮಾರು 150 ಕಿಲೋ ಭಾರ. ಅದಕ್ಕೇ ಮರವನ್ನು ಪಿಲ್ಲರಿನ ನೆತ್ತಿಯ ಮೇಲೆ ಕೂರಿಸುತ್ತಾರೆ, ಉಳಿದ ಕಡೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬೆರೆಸಿ ಮಣ್ಣನ್ನು ಹಗುರ ಮಾಡುತ್ತಾರೆ. ನೀರು ಸೋರದಂತೆ ಹಾಕಿದ ಪದರವನ್ನು ಬೇರು ಸೀಳಿತೋ, ಕೆಳಗಿನ ಕಾರುಗಳಿಗೆ ದಿನಾ ಅಭಿಷೇಕ. "ಗುಲ್‌ಮೊಹರ್ ಬೇಡ ಅಂದರು" ಎಂದು ಸಿಟ್ಟಾಗಿದ್ದೀರಿ. ಅದರ ಬೇರು ಮೇಲ್ಮೇಲೆ ಹರಡುವಂಥದ್ದು. ತಾರಸಿಯ ಮೇಲೆ, ಅದೂ ಬೆಂಗಳೂರಿನ ಮೇ ತಿಂಗಳ ಗಾಳಿಮಳೆಯಲ್ಲಿ? ನಾನಾಗಿದ್ದರೂ ಬೇಡ ಅನ್ನುತ್ತಿದ್ದೆ.

ಹಾಗಂತ ಮಾಲಿಯನ್ನು ಕಡೆಗಣಿಸಬೇಡಿ. ಈ ಊರಿಗೆ ಹೂವಿನ ಲೆಕ್ಕಾಚಾರ ಕಲಿಸಿದ ಕ್ರುಂಬಿಗಲ್ ಕೂಡ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದ ತೋಟಗಾರರೇ. ಜರ್ಮನಿಯವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಯಾವುದಾದರೂ ಬೀದಿಯಲ್ಲಿ ಬಣ್ಣ ಇರಬೇಕು ಅಂತ ಅವರು ಲೆಕ್ಕ ಹಾಕಿ ನೆಡಿಸಿದರು. ನಾವು ಈಗ ಸುಮ್ನೆ ಫೋಟೋ ತೆಗೆದುಕೊಳ್ಳುತ್ತೇವೆ. ಅಂಥದ್ದೇ ಮರಗಳ ಬುಡಕ್ಕೆ ಕತ್ತು ಹಿಸುಕುವ ಹಾಗೆ ಸಿಮೆಂಟ್ ಬಳಿಯುವವರೂ ನಾವೇ.

ನಿಮ್ಮವರು ಮುಂದಿನ ಸಲ ಗುಂಡಿಯ ಪಕ್ಕ ಕೂತಾಗ ಒಂದು ಲೋಟ ಕಾಫಿ ಕೊಡಿ. ಮಾಲಿಯನ್ನೂ ಅಲ್ಲಿಗೇ ಕರೆಯಿರಿ. ಅವರು ಹೋದ ಮೇಲೆ ಆ ತೋಟ ನೋಡಿಕೊಳ್ಳುವವನು ಅವನೇ ತಾನೆ? ಮತ್ತೆ, ನೀರು ಇಂಗಲು ಎಷ್ಟು ಹೊತ್ತು ಹಿಡಿಯಿತು ಅಂತ ನನಗೂ ಬರೆದು ತಿಳಿಸಿ.