ಹಳೆಯ ಬೂಗಿ-ವೂಗಿ ಪಿಯಾನೋ ರೆಕಾರ್ಡಿಂಗ್‌ಗಳ ಮರುಬಿಡುಗಡೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಕೀಬೋರ್ಡ್ ಕಲಿಯುತ್ತಿರುವ ನಿಮಗೆ ಬೂಗಿ-ವೂಗಿ, ಎಂದರೆ ಎಡಗೈ ಒಂದೇ ಬಡಿತವನ್ನು ಮತ್ತೆ ಮತ್ತೆ ಉರುಳಿಸುವ ಅಮೆರಿಕದ ಪಿಯಾನೋ ಶೈಲಿ, ಹಿಡಿಸಿದೆ. ಆದರೆ ಅದನ್ನು ನುಡಿಸಿದ ಮೀಡ್ ಲಕ್ಸ್ ಲೂಯಿಸ್ ಎಂದು ಹುಡುಕಿದರೆ ಒಂದೇ ಕೃತಿ ಹತ್ತಾರು ಆಲ್ಬಮ್‌ಗಳಲ್ಲಿ ಸಿಗುತ್ತದೆ, ಒಂದೊಂದೂ ಒಂದೊಂದು ಥರ ಕೇಳಿಸುತ್ತದೆ. ಯಾವುದನ್ನು ಕೇಳಲಿ, ಚರಚರ ಸದ್ದಿಲ್ಲದ್ದು ಯಾವುದು ಎಂದು ಕೇಳಿದ್ದೀರಿ. ಬೇರೆ ಬೇರೆ ಮರುಬಿಡುಗಡೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಕಾಲದಿಂದ ಕೇಳುತ್ತಾ ಬಂದವನಾಗಿ ಮೊದಲಿಗೇ ಹೇಳಿಬಿಡುತ್ತೇನೆ: ಸದ್ದಿಲ್ಲದ್ದನ್ನು ಹುಡುಕಬೇಡಿ.

ಪಿಯಾನೋದ ಸುತ್ತಿಗೆ ತಂತಿಗೆ ಬಡಿಯುವ ಆ ಕ್ಷಣದಲ್ಲೇ ನುಡಿಸುವವರ ಬೆರಳು ಗೊತ್ತಾಗುವುದು. ಆ ಬಡಿತದ ಚುರುಕು ಇರುವುದು ಮೇಲಿನ ಕಂಪನಾಂಕಗಳಲ್ಲಿ. ಹಳೆಯ ಗ್ರಾಮಫೋನ್ ಪ್ಲೇಟಿನ ಸುಯ್ಯೆನ್ನುವ ಸದ್ದೂ ಅಲ್ಲೇ ಇದೆ. ಸಾಫ್ಟ್‌ವೇರ್ ಹಾಕಿ ಒಂದನ್ನು ಒರೆಸಲು ಹೋದರೆ ಇನ್ನೊಂದೂ ಅಳಿಸಿಹೋಗುತ್ತದೆ, ಕೊನೆಗೆ ಪಿಯಾನೋಗೆ ಕಂಬಳಿ ಹೊದಿಸಿ ನುಡಿಸಿದಂತೆ ಕೇಳಿಸುತ್ತದೆ. ಬೂಗಿ-ವೂಗಿಯಲ್ಲಿ ಎಡಗೈಯ ಒಂದೊಂದು ಬಡಿತವೂ ಮುಖ್ಯ. ಅದು ಮಂಕಾದ ಮೇಲೆ ಕಲಿಯುವವರಿಗೆ ಏನು ಉಳಿಯಿತು?

ಆ ಸದ್ದಿಗೂ ಒಂದು ಹುಟ್ಟೂರಿದೆ. 78 ಆರ್‌ಪಿಎಂ, ಎಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳನ್ನು ಮಾಡುತ್ತಿದ್ದದ್ದು ಅರಗಿಗೆ ಕಲ್ಲಿನ ಪುಡಿ ಬೆರೆಸಿ. ಸೂಜಿ ಆ ಪುಡಿಗೆ ಉಜ್ಜಿದಾಗ ಬರುವುದೇ ಆ ಸದ್ದು. ಆ ಅರಗಿನ ದೊಡ್ಡ ಪಾಲು ಹೋಗುತ್ತಿದ್ದದ್ದು ನಮ್ಮ ದೇಶದ ಪೂರ್ವಭಾಗದ ಕಾಡುಗಳಿಂದ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಿಡಿಸುವುದೂ ಅರಗಿನಿಂದಲೇ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳಿಗೆ ಅರಗಿನ ಬಳಕೆಯನ್ನು ಕಡಿತ ಮಾಡಿತು. ಜನರಿಂದ ಹಳೆಯ ಪ್ಲೇಟುಗಳನ್ನು ವಾಪಸ್ ಪಡೆದು ಕರಗಿಸಿದರು. ಹಾಗೆ ಏನೇನು ಹೋಯಿತೋ ನೆನೆದರೆ ಹೊಟ್ಟೆ ಉರಿಯುತ್ತದೆ.

ನೀವು ಕೇಳಿದ ಲೂಯಿಸ್‌ಗೆ ಬರೋಣ. ಅವನ 'ಹಾಂಕಿ ಟಾಂಕ್ ಟ್ರೇನ್ ಬ್ಲೂಸ್' ಮೊದಲು ಧ್ವನಿಮುದ್ರಣವಾದದ್ದು 1927ರ ಡಿಸೆಂಬರ್‌ನಲ್ಲಿ, ಪ್ಯಾರಮೌಂಟ್ ಎಂಬ ಲೇಬಲ್‌ಗೆ, ಎಂದರೆ ರೆಕಾರ್ಡ್ ಕಂಪನಿಗೆ. ಪ್ಯಾರಮೌಂಟ್ ಎಂದರೆ ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಂಪನಿಯ ಅಂಗಸಂಸ್ಥೆ. ಅದರ ಪ್ಲೇಟುಗಳು ಅಗ್ಗದವು, ಒರಟು. 1930ರ ದಶಕದಲ್ಲಿ ಅದು ಮುಚ್ಚಿಹೋಯಿತು, ಲೋಹದ ಮೂಲ ಅಚ್ಚುಗಳು ಹೆಚ್ಚುಕಡಿಮೆ ಒಂದೂ ಉಳಿಯಲಿಲ್ಲ. ಹೀಗಾಗಿ 1927ರ ಆ ನುಡಿಸಾಣಿಕೆಯ ಮರುಬಿಡುಗಡೆ ಎಂದರೆ ಯಾರದೋ ಮನೆಯಲ್ಲಿ ಸವೆದು ಉಳಿದ ಪ್ಲೇಟಿನಿಂದ ತೆಗೆದದ್ದು. ಯಾವ ಪ್ಲೇಟು, ಯಾವ ಸೂಜಿ, ತೆಗೆದವರ ಕಿವಿ ಎಂಥದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆ ಪ್ಲೇಟನ್ನು ಕೇಳಿ ಮನಸೋತ ಜಾನ್ ಹ್ಯಾಮಂಡ್ ಎಂಬ ನಿರ್ಮಾಪಕ ಲೂಯಿಸ್‌ನನ್ನು ಹುಡುಕಿಸಿದ. ಸಿಕ್ಕಿದ್ದು 1935ರಲ್ಲಿ, ಶಿಕಾಗೋದಲ್ಲಿ, ಕಾರು ತೊಳೆಯುವ ಕೆಲಸದಲ್ಲಿ! ಅದೇ ವರ್ಷ ಅದೇ ಕೃತಿಯನ್ನು ಇಂಗ್ಲೆಂಡಿನ ಪಾರ್ಲೋಫೋನ್‌ಗೆ, 1937ರಲ್ಲಿ ವಿಕ್ಟರ್‌ಗೆ ಮತ್ತೆ ನುಡಿಸಿದ. ಎಂದರೆ ನಿಮ್ಮ ಆ್ಯಪ್‌ನಲ್ಲಿ ಕಾಣುವುದು ಒಂದೇ ರೆಕಾರ್ಡಿಂಗ್‌ನ ಹತ್ತು ಪ್ರತಿಗಳಲ್ಲ, ಬೇರೆ ಬೇರೆ ವರ್ಷದ ನುಡಿಸಾಣಿಕೆಗಳ ಕಲಬೆರಕೆ. ಕಲಿಯಲು 1937ರದ್ದನ್ನು ಇಟ್ಟುಕೊಳ್ಳಿ, ಎರಡೂ ಕೈ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಎಡಗೈ ನಾಲ್ಕರ ಲೆಕ್ಕದಲ್ಲಿ ಉರುಳುತ್ತಿರುವಾಗ ಬಲಗೈ ಮೂರರ ಲೆಕ್ಕ ಹಿಡಿದು ಎದುರಾಡುವ ಆ ಹುರುಪಿಗೆ 1927ರದ್ದನ್ನೇ ಕೇಳಬೇಕು, ಸದ್ದು ಎಷ್ಟಿದ್ದರೂ ಸರಿ.

ಇಷ್ಟೊಂದು ಆಲ್ಬಮ್ ಏಕೆ ಎಂದರೆ, ಯೂರೋಪಿನಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಬಹಳ ಕಾಲ 50 ವರ್ಷಕ್ಕೇ ಮುಗಿಯುತ್ತಿತ್ತು. ಯಾರು ಬೇಕಾದರೂ ಹೊರತರಬಹುದಿತ್ತು. ಕಷ್ಟಪಟ್ಟು ಪ್ಲೇಟು ಹುಡುಕಿದವರೂ ಇದ್ದರು, ಅವರ ಸಿಡಿಯಿಂದ ನಕಲಿಸಿ ಸದ್ದು ಒರೆಸಿ ಮಾರಿದವರೂ ಇದ್ದರು. ಮುದ್ರಣದ ತಾರೀಖು, ಊರು ಹಾಕದ ಆಲ್ಬಮ್ಮನ್ನು ನಾನು ಮುಟ್ಟುವುದಿಲ್ಲ. ಅನುಮಾನ ಬಂದರೆ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ನಡೆಸುವ 'ಡಿಸ್ಕಾಗ್ರಫಿ ಆಫ್ ಅಮೆರಿಕನ್ ಹಿಸ್ಟಾರಿಕಲ್ ರೆಕಾರ್ಡಿಂಗ್ಸ್' ಎಂಬ ಉಚಿತ ಜಾಲತಾಣದಲ್ಲಿ ತಾರೀಖು ನೋಡಿ. ನಿಮ್ಮ ಕೀಬೋರ್ಡ್ ಕೂಡ ಒಂದು ಪರೀಕ್ಷೆ. ಈ ಕೃತಿ ಜಿ ಸ್ವರದಲ್ಲಿದೆ. ಜೊತೆಗೆ ನುಡಿಸಿದಾಗ ಜಿ ಮತ್ತು ಅದರ ಮೇಲಿನ ಪಕ್ಕದ ಕಪ್ಪು ಕೀ ಎ ಫ್ಲಾಟ್ ನಡುವೆ ಎಲ್ಲೋ ಬಿದ್ದರೆ ಪ್ಲೇಟನ್ನು ತಪ್ಪು ವೇಗದಲ್ಲಿ ತಿರುಗಿಸಿರುವ ಸಾಧ್ಯತೆ ಹೆಚ್ಚು.

ಲೂಯಿಸ್ ಆದ ಮೇಲೆ ಆಲ್ಬರ್ಟ್ ಅಮನ್ಸ್. ಶಿಕಾಗೋದಲ್ಲಿ ಇಬ್ಬರೂ ಒಟ್ಟಿಗೆ ಬೆಳೆದವರು, ಇಬ್ಬರೂ ಟ್ಯಾಕ್ಸಿ ಓಡಿಸಿದವರು. 1938ರ ಡಿಸೆಂಬರ್ 23ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಇವರನ್ನು ಕೇಳಿದ ಆಲ್ಫ್ರೆಡ್ ಲಯನ್ ಎಂಬ ಬರ್ಲಿನ್ ಮೂಲದ ಯುವಕ ಎರಡೇ ವಾರದಲ್ಲಿ, 1939ರ ಜನವರಿ 6ರಂದು, ಇಬ್ಬರನ್ನೂ ಸ್ಟುಡಿಯೋಗೆ ಕರೆದ. ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿ ಶುರುವಾದದ್ದು ಹಾಗೆ. ಅವನು ಬಳಸಿದ್ದು ಹನ್ನೆರಡು ಇಂಚಿನ ಪ್ಲೇಟು. ಹತ್ತು ಇಂಚಿನದರಲ್ಲಿ ಮೂರು ನಿಮಿಷಕ್ಕೆ ಮುಗಿಸಬೇಕು, ಇಲ್ಲಿ ನಾಲ್ಕು ದಾಟಬಹುದು. ಹನ್ನೆರಡು ಬಾರ್‌ಗಳ, ಎಂದರೆ ತಾಳದ ಹನ್ನೆರಡು ಅಳತೆಗಳ ಒಂದೊಂದು ಆವರ್ತನಕ್ಕೂ ಉಸಿರಾಡಲು ಜಾಗ ಸಿಕ್ಕಿದ್ದು ಕೇಳಿದರೇ ಗೊತ್ತಾಗುತ್ತದೆ. 1983ರಲ್ಲಿ ಮೊಸಾಯಿಕ್ ಎಂಬ ಲೇಬಲ್ ಇವರಿಬ್ಬರ ಬ್ಲೂ ನೋಟ್ ಮುದ್ರಣಗಳನ್ನೆಲ್ಲ ಸೇರಿಸಿ ತಂದ ಎಲ್‌ಪಿ ಪೆಟ್ಟಿಗೆ ಈಗ ಹಳೆಯ ಮಾಲಿನಲ್ಲಷ್ಟೇ ಸಿಗುತ್ತದೆ. ಸಿಕ್ಕರೆ ಬಿಡಬೇಡಿ.

ಪೈನ್‌ಟಾಪ್ ಸ್ಮಿತ್‌ನನ್ನೂ ಕೇಳಿ. ಬೂಗಿ-ವೂಗಿ ಎಂಬ ಹೆಸರು ಮನೆಮಾತಾಗಿದ್ದೇ 1928ರ ಡಿಸೆಂಬರ್ 29ರಂದು ಅವನು ನುಡಿಸಿದ ಪ್ಲೇಟಿನಿಂದ. ಮೂರು ತಿಂಗಳೂ ತುಂಬುವ ಮುನ್ನ ಒಂದು ಡಾನ್ಸ್ ಹಾಲ್‌ನಲ್ಲಿ ಗುಂಡು ತಗುಲಿ ತೀರಿಕೊಂಡ. ಆಗ ಅವನಿಗೆ 24.

ನನಗೆ ಎಲ್ಲರಿಗಿಂತ ಹತ್ತಿರದವನು ಜಿಮ್ಮಿ ಯಾನ್ಸಿ. ಶಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದ ಹುಲ್ಲು ನೋಡಿಕೊಳ್ಳುವುದು ಅವನ ನೌಕರಿ. ಲೂಯಿಸ್, ಅಮನ್ಸ್ ಇಬ್ಬರೂ ಗುರುವಿನಂತೆ ಕಂಡ ಇವನ ಮೊದಲ ಮುದ್ರಣವಾದದ್ದು 1939ರಲ್ಲಿ. ವೇಗವಿಲ್ಲ, ಅಬ್ಬರವಿಲ್ಲ, ಎಡಗೈಯಲ್ಲಿ ಸ್ವರಗಳ ನಡುವೆ ಧಾರಾಳ ಬಿಡುವು. ಯಾವ ಸ್ವರದಲ್ಲಿ ನುಡಿಸುತ್ತಿದ್ದರೂ ಕೊನೆಗೆ ಇ ಫ್ಲಾಟ್‌ಗೆ ಬಂದು ನಿಲ್ಲಿಸುವುದು ಅವನ ರೂಢಿ. ಹೊಸಬರು ಅವನ ನಿಧಾನದ ಕೃತಿಗಳಿಂದ ಶುರು ಮಾಡುವುದು ಒಳ್ಳೆಯದು, ಬೆರಳಿಗೂ ಎಟಕುತ್ತವೆ.

ಜಾಝ್ ಪಿಯಾನೋದ ಬೇರು ಬೇಕೆಂದರೆ ಜೆಲಿ ರೋಲ್ ಮಾರ್ಟನ್ ಇದ್ದಾನೆ. 1938ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 23 ವರ್ಷದ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಅವನನ್ನು ಪಿಯಾನೋ ಮುಂದೆ ಕೂರಿಸಿ ಮಾತಾಡಿಸಿದ. ಮಾರ್ಟನ್ ಕಥೆ ಹೇಳುತ್ತಾನೆ, ಹೇಳುತ್ತಲೇ ನುಡಿಸುತ್ತಾನೆ, ಕಾಲಲ್ಲಿ ತಾಳ ಹಾಕುತ್ತಾನೆ. ರ‍್ಯಾಗ್‌ಟೈಮ್ ಎಂಬ, ಜಾಝ್‌ಗೂ ಹಿಂದಿನ ಪಿಯಾನೋ ಶೈಲಿಯ ಒಂದೇ ಕೃತಿಯನ್ನು ಸೇಂಟ್ ಲೂಯಿಸ್‌ನವರು ಹೇಗೆ ನುಡಿಸುತ್ತಿದ್ದರು, ತಾನು ಅದನ್ನು ಹೇಗೆ ಬದಲಾಯಿಸಿದೆ ಎಂದು ಎರಡನ್ನೂ ನುಡಿಸಿ ತೋರಿಸುತ್ತಾನೆ. ಇದಕ್ಕಿಂತ ದೊಡ್ಡ ಪಾಠ ಎಲ್ಲಿದೆ? 1947ರಲ್ಲಿ ಸರ್ಕಲ್ ಲೇಬಲ್ ಇದನ್ನು ಹೊರತಂದಾಗ ಅಶ್ಲೀಲ ಎಂದು ಕೆಲವು ಹಾಡುಗಳನ್ನು ಬಿಟ್ಟಿತ್ತು. 1990ರ ದಶಕದ ಸಿಡಿಗಳಲ್ಲಿ ಸಂಗೀತ ಉಳಿದು ಮಾತು ಹೋಗಿತ್ತು. 2005ರಲ್ಲಿ ರೌಂಡರ್ ಲೇಬಲ್ ತಂದ ಎಂಟು ಸಿಡಿಗಳ ಪೆಟ್ಟಿಗೆಯಲ್ಲಿ ಎರಡೂ ಇವೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ, ಮಾತಿಲ್ಲದ ಮಾರ್ಟನ್ ಅರ್ಧ ಮಾತ್ರ.

ಒಂದು ಎಚ್ಚರಿಕೆ. ಜಾಝ್ ಪಿಯಾನೋಗಾರ ಜೇಮ್ಸ್ ಪಿ. ಜಾನ್ಸನ್‌ನ 'ಕೆರೊಲಿನಾ ಶೌಟ್' ಹುಡುಕಿದಾಗ ತೀರಾ ಶುಭ್ರವಾದ ಪ್ರತಿ ಸಿಕ್ಕರೆ ಅದು ಬಹುಶಃ ಪಿಯಾನೋ ರೋಲ್, ಎಂದರೆ ತೂತು ಕೊರೆದ ಕಾಗದದ ಸುರುಳಿಯನ್ನು ಈಚಿನ ಪಿಯಾನೋದಲ್ಲಿ ಓಡಿಸಿ ಮುದ್ರಿಸಿದ್ದು. ಸಾಮಾನ್ಯ ರೋಲ್‌ನಲ್ಲಿ ಯಾವ ಸ್ವರ, ಯಾವಾಗ ಎಂಬುದು ಇರುತ್ತದೆ. ಎಷ್ಟು ಬಲವಾಗಿ ಒತ್ತಿದ ಎಂಬುದು ಇರುವುದಿಲ್ಲ. ಯಾವ ಕೀ ಒತ್ತಬೇಕೆಂದು ಗುರುತಿಸಲು ಅದು ಉಪಯೋಗಕ್ಕೆ ಬರುತ್ತದೆ, ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಕೂಡ ಆ ರೋಲನ್ನು ನಿಧಾನವಾಗಿ ಓಡಿಸಿಯೇ ಕಲಿತದ್ದು. ಕೇಳಲು ಮಾತ್ರ 1921ರ ಪ್ಲೇಟೇ ಆಗಬೇಕು. ಮೈಕ್ ಇಲ್ಲದ ಕಾಲ, ಧ್ವನಿ ಹಿಡಿಯುವ ಕೊಳವೆಯ ಮುಂದೆ ನುಡಿಸಿದ್ದು, ತಗ್ಗಿನ ಸ್ವರಗಳು ತೆಳ್ಳಗಿವೆ. ಆದರೂ ಜಾನ್ಸನ್ ಅಲ್ಲಿದ್ದಾನೆ.

ಇವೆಲ್ಲ ಕೇಳಿ ಮುಗಿದ ಮೇಲೆ ಟೆಡ್ಡಿ ವೆದರ್‌ಫರ್ಡ್ ಎಂದು ಹುಡುಕಿ ನೋಡಿ. ಶಿಕಾಗೋದಲ್ಲಿ ಹೆಸರು ಮಾಡಿದ ಈ ಪಿಯಾನೋಗಾರ 1926ರಲ್ಲಿ ಏಷ್ಯಾಕ್ಕೆ ಹೊರಟು ಶಾಂಘಾಯ್, ಬೊಂಬಾಯಿಯ ತಾಜ್ ಹೋಟೆಲ್, ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲ್ ಎಂದು ನುಡಿಸುತ್ತಾ ಬಂದು, 1945ರಲ್ಲಿ ಕಲ್ಕತ್ತೆಯಲ್ಲೇ ಕಾಲರಾದಿಂದ ತೀರಿಕೊಂಡ. 1937ರಲ್ಲಿ ಪ್ಯಾರಿಸ್‌ನಲ್ಲಿ ಅವನು ಒಬ್ಬನೇ ನುಡಿಸಿದ ಪ್ಲೇಟುಗಳೂ ಕಲ್ಕತ್ತೆಯಲ್ಲಿ ಬ್ಯಾಂಡಿನೊಂದಿಗೆ ಮುದ್ರಿಸಿದವೂ ಮರುಬಿಡುಗಡೆಯಾಗಿವೆ. ಮೊದಲು ಪ್ಯಾರಿಸ್‌ನವನ್ನು ಕೇಳಿ, ಎಡಗೈ ಅಲ್ಲಿ ಚೆನ್ನಾಗಿ ಕೇಳಿಸುತ್ತದೆ.