ಯಾರ ಕಡೆಯಿಂದ ಬಂತು ಈ ಕಾಯಿಲೆ?

ಮಗುವಿನ ಕಾಯಿಲೆ ವಂಶದಿಂದ ಬಂದದ್ದು ಅಂತ ರಿಪೋರ್ಟ್ ಬಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಯಾರ ಕಡೆಯಿಂದ? ಕಾರವಾರದಲ್ಲಿ ವಂಶದ ಕಾಯಿಲೆಗಳ ಆಪ್ತಸಲಹೆಗಾರ್ತಿಯಾಗಿ ಕೂತು ಇದನ್ನು ಕೇಳಿ ಕೇಳಿ ಸಾಕಾಗಿದೆ. ಉತ್ತರವನ್ನೂ ಅವರೇ ತಂದಿರುತ್ತಾರೆ: ಸೊಸೆಯ ಕಡೆಯಿಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಸುಮಾ ಅಂಕೋಲಾ ಕಡೆಯವಳು. ಸೋದರತ್ತೆಯ ಮಗನನ್ನೇ ಮದುವೆಯಾದವಳು. ಮಗನಿಗೆ ಏಳು ವರ್ಷ. ನಡೆಯಲು ಕಲಿತಾಗಿನಿಂದ ತೂರಾಡುತ್ತಿದ್ದ. ಆಮೇಲೆ ಕಣ್ಣಿನ ಬಿಳಿಯಲ್ಲಿ ಕೆಂಪು ಗೆರೆಗಳು ಮೂಡಿದವು. ಕಣ್ಣಿಗೆ ಡ್ರಾಪ್ಸ್ ಹಾಕಿದರು, ಗೋಕರ್ಣದಲ್ಲಿ ನಾಗಬಲಿಯೂ ಆಯಿತು. ಕೊನೆಗೆ ಜೀನ್ ಪರೀಕ್ಷೆಯಲ್ಲಿ ಗೊತ್ತಾಗಿದ್ದು ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ. ಎಟಿಎಂ ಎಂಬ ಜೀನಿನ ಎರಡೂ ಪ್ರತಿ, ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ, ಕೆಟ್ಟಿದ್ದರೆ ಬರುವ ಕಾಯಿಲೆ. ಆ ಜೀನ್ ಪತ್ತೆಯಾಗಿದ್ದು 1995ರಲ್ಲಿ.

ಹುಡುಗ ಬಲು ಚುರುಕು. ಮೇಜಿನ ಆ ತುದಿಯಲ್ಲಿದ್ದ ಪೆನ್ನು ನೋಡಬೇಕಾದರೆ ಮೊದಲು ತಲೆ ತಿರುಗಿಸುತ್ತಿದ್ದ, ಕಣ್ಣು ಆಮೇಲೆ ಬರುತ್ತಿತ್ತು. ಅದೂ ಕಾಯಿಲೆಯ ಲಕ್ಷಣವೇ.

"ನರದ್ದೂ ಇದೇ, ಕ್ಯಾನ್ಸರ್ ಭಯವೂ ಇದೇ ಅಂತಾರೆ. ಹೇಗೆ ಮೇಡಂ?" ಅಂತ ಸುಮಾ ಕೇಳಿದ್ದಳು. ನಮ್ಮ ಜೀವಕೋಶದ ಡಿಎನ್‌ಎ ಆಗಾಗ ತುಂಡಾಗುತ್ತಿರುತ್ತದೆ. ಅದನ್ನು ಗಮನಿಸಿ, ರಿಪೇರಿ ಆಗುವವರೆಗೆ ಕೋಶ ಒಡೆದು ಎರಡಾಗದಂತೆ ತಡೆಯುವುದು ಎಟಿಎಂ ಕೆಲಸ. ರೋಗದ ವಿರುದ್ಧ ಹೋರಾಡುವ ರಕ್ತಕಣಗಳು ತಯಾರಾಗುವಾಗ ತಮ್ಮ ಡಿಎನ್‌ಎಯನ್ನು ತಾವೇ ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಜೋಡಣೆ ತಪ್ಪಿದ ಕಣವೂ ಬೆಳೆಯುತ್ತಾ ಹೋದರೆ ರಕ್ತದ ಕ್ಯಾನ್ಸರ್. ಕಿರುಮಿದುಳಿನ ನರಕೋಶಗಳ ಕಥೆ ಬೇರೆ. ಅವು ಒಂದೊಂದೇ ಸಾಯುತ್ತವೆ, ಸತ್ತದ್ದರ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ನಡಿಗೆ, ಮಾತು, ನುಂಗುವುದು ಎಲ್ಲ ಕ್ರಮೇಣ ಕಷ್ಟವಾಗುತ್ತದೆ.

ಮುಂದಿನ ಸಲ ಅತ್ತೆಯೂ ಬಂದರು. ಕೂರುವ ಮೊದಲೇ, "ನಮ್ಮ ಮನೆತನದಲ್ಲಿ ಇಂಥದ್ದು ಇಲ್ಲ" ಅಂದರು. ಸುಮಾ ತಲೆ ತಗ್ಗಿಸಿದಳು. ಕೈಗಾ ಅಣುಸ್ಥಾವರದಿಂದ ಬಂದಿರಬಹುದಾ ಅಂತ ಗಂಡ ಕೇಳಿದ. ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದು.

ನಾನು ವಾದ ಮಾಡಲಿಲ್ಲ. ಹಾಳೆ ತೆಗೆದು ಹುಡುಗನನ್ನು ಬರೆದೆ, ಮೇಲೆ ಅಪ್ಪ ಅಮ್ಮ. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಸುಮಾಳ ಮೇಲೆ ಅವಳ ಅಪ್ಪ, ಗಂಡನ ಮೇಲೆ ಈ ಅತ್ತೆ. "ಇವರಿಬ್ಬರೂ ಏನಾಗಬೇಕಮ್ಮ?" ಅಂದೆ.

"ನಾನು, ನನ್ನ ತಮ್ಮ."

"ಹಾಗಾದ್ರೆ ಇವರ ಮೇಲೆ?"

ಪೆನ್ನು ಅವರ ಕೈಗೇ ಕೊಟ್ಟೆ. ಎರಡು ಗೆರೆ ಎಳೆದರು. ಎರಡೂ ಒಂದೇ ಗಂಡ ಹೆಂಡತಿಗೆ ಹೋಗಿ ಸೇರಿದವು. ಹುಡುಗನ ಎರಡೂ ಪ್ರತಿಯಲ್ಲಿ ಇರುವುದು ಒಂದೇ ತಪ್ಪು. ಬಹುಪಾಲು ಆ ಅಜ್ಜ ಅಜ್ಜಿಯಲ್ಲಿ ಒಬ್ಬರಿಂದ ಬಂದದ್ದು, ಕೈಗಾದಲ್ಲಿ ಕರೆಂಟ್ ಹುಟ್ಟುವುದಕ್ಕಿಂತ ಎಷ್ಟೋ ಮೊದಲು.

ಅತ್ತೆ ಮೇಲಿನ ಸುತ್ತಿನ ಮೇಲೆ ಬೆರಳಿಟ್ಟರು. "ಆಯಿಗೆ ಎದೆಯಲ್ಲಿ ಗಡ್ಡೆ ಇತ್ತು. ಹುಣ್ಣಾಗಿ ವಾಸನೆ ಬರೋವರೆಗೂ ಯಾರಿಗೂ ತೋರಿಸಲಿಲ್ಲ."

ಅದಕ್ಕೂ ಇದೇ ಕಾರಣ ಅಂತ ಹೇಳಲಾಗದು, ಹಾಗಂತ ಅವರಿಗೂ ಹೇಳಿದೆ. ಆದರೆ ಮಾತು ಹೋಗಬೇಕಾದ ಕಡೆ ಹೋಯಿತು. ಒಂದು ಪ್ರತಿ ಮಾತ್ರ ಕೆಟ್ಟಿರುವವರಿಗೆ "ನಿಮಗೇನೂ ಆಗಲ್ಲ" ಅಂತ ಸುಮ್ನೆ ಹೇಳಿ ಕಳಿಸುವವರಿದ್ದಾರೆ. ತೂರಾಟ ಬರುವುದಿಲ್ಲ, ನಿಜ. ಆದರೆ ಅಂಥ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ.

ಸಲಹೆ ಹೀಗಿತ್ತು. ಅತ್ತೆ ಈಗಲೇ ಮ್ಯಾಮೋಗ್ರಾಂ ಮಾಡಿಸಬೇಕು. ಸುಮಾ ತನ್ನ ತಪಾಸಣೆ ಯಾವಾಗ ಶುರು ಮಾಡಬೇಕೆಂದು ಡಾಕ್ಟರ ಹತ್ತಿರ ಮಾತಾಡಬೇಕು, ನಲವತ್ತು ದಾಟಲು ಬಿಡಬಾರದು. ಹುಡುಗನಿಗೆ ಎಕ್ಸ್‌ರೇ, ಸಿಟಿ ಸ್ಕ್ಯಾನ್ ತೀರಾ ಬೇಕಾದರೆ ಮಾತ್ರ. ಮುಂದೆ ಕ್ಯಾನ್ಸರ್ ಬಂದರೂ ಎಲ್ಲರಿಗೂ ಕೊಡುವಷ್ಟು ರೇಡಿಯೇಷನ್ ಕೊಟ್ಟರೆ ಅವನ ಜೀವಕ್ಕೇ ಅಪಾಯ. ಇದನ್ನು ಬರೆದ ಚೀಟಿ ಅವನ ಫೈಲಿನ ಮೊದಲ ಹಾಳೆಯಾಗಿರಲಿ. ನೀರು ಕುಡಿಯುವಾಗ ಕೆಮ್ಮಿದರೆ ತಡಮಾಡದೆ ನುಂಗುವುದರ ಪರೀಕ್ಷೆ ಮಾಡಿಸಿ ಅಂದೆ. ಇನ್ನೊಂದು ಮಗು ಬೇಕಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ ಇದ್ದೇ ಇದೆ. ಮೂರನೇ ತಿಂಗಳಲ್ಲೇ ಪರೀಕ್ಷೆ ಮಾಡಿಸಬಹುದು.

ಜಗಳ ಬಂದಿದ್ದು ಗಂಡನ ತಂಗಿಯ ವಿಷಯಕ್ಕೆ. ಅವಳಿಗೆ ಗಂಡು ನೋಡುತ್ತಿದ್ದಾರೆ. ಒಂದು ಕೆಟ್ಟ ಪ್ರತಿ ಅವಳಿಗೂ ಬಂದಿರಬಹುದು, ಅವಳಿಗೂ ಹೇಳಿ ಅಂದದ್ದಕ್ಕೆ "ಸಂಬಂಧ ಮುರಿಸ್ತೀರಾ?" ಅಂದರು. ಆಪ್ತಸಲಹೆಗಾರರು ಇಷ್ಟು ಒತ್ತಾಯ ಮಾಡಬಾರದು ಅನ್ನುವವರೂ ಇದ್ದಾರೆ. ನಾನೇನು ಅವಳಿಗೆ ಫೋನ್ ಮಾಡಲಿಲ್ಲ. ಅವರೇ ಕೊಡಲಿ ಅಂತ ಒಂದು ಪತ್ರ ಬರೆದುಕೊಟ್ಟೆ. ಮದುವೆಗೆ ಇದರಿಂದ ಅಡ್ಡಿಯಿಲ್ಲ, ಬೇಕಿದ್ದರೆ ಮದುವೆಯಾಗುವ ಹುಡುಗನೂ ಒಂದು ರಕ್ತಪರೀಕ್ಷೆ ಮಾಡಿಸಲಿ, ಅಷ್ಟೇ. ಆದರೆ ಎದೆ ಅವಳದ್ದು, ಅಲ್ವಾ? ಮನೆಯವರ ಮರ್ಯಾದೆಗಾಗಿ ಅವಳು ಕತ್ತಲಲ್ಲಿರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅತ್ತೆ ಮ್ಯಾಮೋಗ್ರಾಂ ಮಾಡಿಸಿಕೊಂಡರು, ಗಡ್ಡೆ ಇಲ್ಲ. ಸೊಸೆಯನ್ನು ದೂರುವುದು ನಿಂತಿದೆಯಂತೆ. ಪತ್ರ ಮಾತ್ರ ನಾದಿನಿಯ ಕೈ ಸೇರಿಲ್ಲ. ಮದುವೆ ಆದಮೇಲೆ ನೋಡೋಣ ಅನ್ನುತ್ತಿದ್ದಾರೆ.