ಅಜ್ಜನ ಕೋವಿಗೆ ಕೈ ಹಾಕಬೇಡಿ, ಬ್ಲಾಸ್ಟರಿಗೆ ಪಿವಿಸಿ ಪೈಪ್ ಸಾಕು

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಓದುತ್ತಿರುವುದು ಶಿವಮೊಗ್ಗದಲ್ಲಿ. ಕಾಲೇಜ್ ಡೇಗೆ ಬಾಹ್ಯಾಕಾಶದ ಕಥೆಯ ಒಂದು ನಾಟಕ ಮಾಡುತ್ತಿದ್ದೇವೆ. 'ಸ್ಟಾರ್ ವಾರ್ಸ್' ಸಿನಿಮಾದ ಬಿಳಿ ಕವಚದ ಸೈನಿಕರು ಹಿಡಿಯುತ್ತಾರಲ್ಲ, ಆ ಥರದ ಬ್ಲಾಸ್ಟರ್, ಅಂದರೆ ಬೆಳಕು ಹಾರಿಸುವ ಕಾಲ್ಪನಿಕ ಬಂದೂಕು, ಬೇಕು. ಅದನ್ನು ನಿಜವಾದ ಬಂದೂಕಿನ ಭಾಗಗಳಿಂದಲೇ ಮಾಡಿದ್ದರಂತೆ. ನಮ್ಮ ಮನೆ ಅಟ್ಟದಲ್ಲಿ ಅಜ್ಜನ ಕಾಲದ ಒಂದು ತೋಟಾಕೋವಿ ಇದೆ, ಕೆಟ್ಟುಹೋಗಿದೆ. ಗೋಣಿಚೀಲದಲ್ಲಿ ಯಾವುದೋ ಹಳೇ ರೈಫಲ್ಲಿನ ಬೋಲ್ಟು, ಮರದ ಹಿಡಿ ಕೂಡ ಇವೆ. ಅಜ್ಜ ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ. ಬಿಚ್ಚಿ ಬಳಸಬಹುದಾ? – ಒಬ್ಬ ವಿದ್ಯಾರ್ಥಿ

ಉತ್ತರ: ಬೇಡ. ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಸಿನಿಮಾದ ವಿಷಯಕ್ಕೆ ಬರೋಣ, ಯಾಕಂದರೆ ನೀವು ಕೇಳಿದ್ದು ನಿಜ.

1977ರ ಆ ಸಿನಿಮಾದ ಇ-11 ಬ್ಲಾಸ್ಟರ್ ಅಂದರೆ ಬ್ರಿಟನ್ನಿನ ಸ್ಟರ್ಲಿಂಗ್ ಸಬ್‌ಮಷೀನ್ ಗನ್. ಸಿನಿಮಾಗಳಿಗೆ ಬಂದೂಕು ಬಾಡಿಗೆಗೆ ಕೊಡುವ ಲಂಡನ್ನಿನ ಬ್ಯಾಪ್ಟಿ ಕಂಪನಿಯಿಂದ ಅವನ್ನು ತಂದು, ಸೆಟ್ ಡೆಕೊರೇಟರ್ ರೋಜರ್ ಕ್ರಿಶ್ಚಿಯನ್ ಮತ್ತು ಅವರ ಜೊತೆಯವರು ನಳಿಗೆಯ ಮೇಲೆ 'ಟಿ' ಆಕಾರದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರು, ಮೇಲೆ ಹಳೇ ಮಿಲಿಟರಿ ದುರ್ಬೀನು ಕೂರಿಸಿದರು, ಪಕ್ಕಕ್ಕೆ ಕಾರ್ಖಾನೆ ಯಂತ್ರಗಳಲ್ಲಿ ಲೆಕ್ಕಕ್ಕೆ ಇಡುವ ಕೌಂಟರ್ ಸಿಕ್ಕಿಸಿದರು. ಅದೇ ಸಿನಿಮಾದ ನಾಯಕರಲ್ಲೊಬ್ಬನಾದ ಹಾನ್ ಸೋಲೋ ಹಿಡಿಯುವ ಪಿಸ್ತೂಲು ಜರ್ಮನಿಯ ಮೌಸರ್ ಸಿ96. ರೈಫಲ್ ಭಾಗದ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು 1982ರ 'ಬ್ಲೇಡ್ ರನ್ನರ್' ಸಿನಿಮಾ. ಅದರ ನಾಯಕನ ಪಿಸ್ತೂಲಿಗೆ ಆಸ್ಟ್ರಿಯಾದ ಸ್ಟೈರ್ ಮಾನ್ಲಿಷರ್ ರೈಫಲ್ಲಿನ ಬೋಲ್ಟು ಕೂರುವ ಭಾಗ ತೆಗೆದುಕೊಂಡು, ಅದರ ಕೆಳಗೆ ಚಾರ್ಟರ್ ಆರ್ಮ್ಸ್ ಬುಲ್‌ಡಾಗ್ ಅನ್ನುವ ರಿವಾಲ್ವರ್ ಸೇರಿಸಿ, ಪುಟ್ಟ ದೀಪಗಳನ್ನು ಇಟ್ಟಿದ್ದರು. 2009ರ ಹರಾಜಿನಲ್ಲಿ ಅದು 2,70,000 ಡಾಲರಿಗೆ ಹೋಯಿತು.

ಅವರಿಗೆ ನಿಜವಾದ ಬಂದೂಕೇ ಯಾಕೆ ಬೇಕಾಯಿತು? ಕ್ಯಾಮೆರಾ ಮುಂದೆ ಗುಂಡಿಲ್ಲದ ತೋಟಾ ಹಾರಿಸಿ ಬೆಂಕಿಯ ಮಿಂಚು ತೋರಿಸಬೇಕಿತ್ತು. ಬಂದೂಕಿನ ಲೈಸೆನ್ಸ್, ನೋಡಿಕೊಳ್ಳುವ ಜನ ಎಲ್ಲವೂ ಬಾಡಿಗೆ ಕಂಪನಿಯ ಜವಾಬ್ದಾರಿ. ನಿಮ್ಮ ನಾಟಕದಲ್ಲಿ ಏನೂ ಹಾರಿಸಬೇಕಾಗಿಲ್ಲ ಅಲ್ವಾ? ನಿಮಗೆ ಬೇಕಿರುವುದು ಆಕಾರ ಮಾತ್ರ. ವೇದಿಕೆಯಿಂದ ಮೊದಲನೇ ಸಾಲಿನವರಿಗೂ ಬೋಲ್ಟು ಅಸಲಿಯೋ ಮರದ್ದೋ ತಿಳಿಯುವುದಿಲ್ಲ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ನೋಡಲು ಹೋದರೆ ನಟರ ಕೈಯಲ್ಲಿರುವ ಸಾಮಾನುಗಳನ್ನು ಸ್ವಲ್ಪ ಗಮನಿಸಿ, ಯಾವುದರಿಂದ ಮಾಡಿದ್ದಾರೆ ಅಂತ. ತುಂಬಾ ಕಲಿಯಬಹುದು.

ಈಗ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ಶಸ್ತ್ರ' ಅಂದರೆ ಇಡೀ ಬಂದೂಕು ಮಾತ್ರ ಅಲ್ಲ, ಅದರ ಭಾಗಗಳೂ ಸೇರುತ್ತವೆ. 45ನೇ ಕಲಂನಲ್ಲಿ ಕೆಲವು ವಿನಾಯಿತಿ ಇವೆ. ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟಿರುವ ಹಳೇ ಬಂದೂಕಿಗೆ, ಮತ್ತು ಬೇರೆ ಭಾಗಗಳ ಜೊತೆ ಸೇರಿಸುವ ಉದ್ದೇಶ ಇಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ. ಇದನ್ನು ಓದಿ 'ನಮ್ಮದು ಕೆಟ್ಟಿದೆ, ಹಾಗಾಗಿ ಪರವಾಗಿಲ್ಲ' ಅಂತ ನೀವೇ ತೀರ್ಮಾನ ಮಾಡಿಬಿಡಬೇಡಿ. ಮಲೆನಾಡಿನ ಎಷ್ಟೋ ಕೋವಿಗಳು ಕೆಟ್ಟಂತೆ ಕಾಣುತ್ತವೆ, ಒಂದು ಸ್ಪ್ರಿಂಗ್ ಬದಲಾಯಿಸಿದರೆ ಮತ್ತೆ ಈಡು ಹಾರುತ್ತದೆ. ಅಂಥದ್ದು ವಿನಾಯಿತಿಗೆ ಬರುವುದಿಲ್ಲ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಂತೂ 6ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮಾಡಲೇಬಾರದ ಕೆಲಸ. ಗರಗಸ ಹಿಡಿದು ಅಟ್ಟ ಹತ್ತುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ.

ಇನ್ನೊಂದು, ನಾಟಕಕ್ಕಿಂತ ಮುಖ್ಯವಾದದ್ದು. ಲೈಸೆನ್ಸ್ ಅಜ್ಜನ ಹೆಸರಲ್ಲಿತ್ತು ಅಂದರೆ, ಅವರು ಹೋದ ಮೇಲೆ ಕೋವಿಯನ್ನು ಸುಮ್ಮನೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಹತ್ತಿರವೋ ಇಡಬೇಕು. ಕೋವಿ ಮನೆಯಲ್ಲೇ ಉಳಿಯಬೇಕು ಅನ್ನಿಸಿದರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು. ಎಲೆಕ್ಷನ್ ಬಂದಾಗ ಊರಿನ ಕೋವಿಗಳೆಲ್ಲ ಠಾಣೆ ಸೇರುವುದು ನಿಮ್ಮ ತಂದೆಗೂ ಗೊತ್ತಿರುತ್ತದೆ. ಅವರ ಜೊತೆ ಕೂತು ಇವತ್ತೇ ಮಾತಾಡಿ, ಅಜ್ಜನ ಲೈಸೆನ್ಸ್ ಪುಸ್ತಕ ಹುಡುಕಿ. ಕೋವಿಯನ್ನು ನೀವೇ ಹೆಗಲಿಗೆ ಹಾಕಿಕೊಂಡು ಹೊರಡಬೇಡಿ. ಮೊದಲು ಠಾಣೆಗೆ ಹೋಗಿ ವಿಷಯ ತಿಳಿಸಿ, ಹೇಗೆ ತರಬೇಕು ಅಂತ ಅವರನ್ನೇ ಕೇಳಿ. ಗೋಣಿಚೀಲದ ರೈಫಲ್ ಬೋಲ್ಟಿನ ವಿಷಯವನ್ನೂ ಮುಚ್ಚಿಡದೆ ಹೇಳಿ. ಕಾಡುಹಂದಿ, ಮಂಗನ ಕಾಟದಿಂದ ತೋಟ ಉಳಿಸಿದ ಕೋವಿ ಅದು. ಕತ್ತರಿಸಿ ಕಪ್ಪು ಪೇಂಟ್ ಬಳಿಯುವುದು ಅದಕ್ಕೆ ತಕ್ಕ ಕೊನೆ ಅಲ್ಲ.

ಸರಿ, ಈಗ ಬ್ಲಾಸ್ಟರ್. ಸ್ಟರ್ಲಿಂಗ್ ಅಂದರೆ ಮೂಲತಃ ಒಂದು ಉದ್ದ ಕೊಳವೆ. ಹಿಂಬದಿ ಮಡಚಿದರೆ ಸುಮಾರು 48 ಸೆಂ.ಮೀ. ಉದ್ದ. ಅಂಗಡಿಯಲ್ಲಿ ಒಂದೂಕಾಲು ಇಂಚಿನ ಪಿವಿಸಿ ಪೈಪ್ ಅಂತ ಕೇಳಿದರೆ ಹೊರ ಅಳತೆ 40 ಮಿ.ಮೀ. ಇರುವುದು ಸಿಗುತ್ತದೆ. ಅಸಲಿ ಕೊಳವೆಗೂ ಇದಕ್ಕೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಅಷ್ಟೆ. ತೋಟದಲ್ಲಿ ಪೈಪ್‌ಲೈನ್ ಹಾಕಿ ಉಳಿದ ತುಂಡು ಇದ್ದರೆ ಖರ್ಚೂ ಇಲ್ಲ.

ಮುಂಭಾಗದ ಸಾಲು ಸಾಲು ತೂತು ಈ ಬ್ಲಾಸ್ಟರಿನ ಮುಖಲಕ್ಷಣ, ಅವು ಸೊಟ್ಟಗಾದರೆ ಇಡೀ ಕೆಲಸ ಕೆಟ್ಟಂತೆ. ಒಂದು ಕಾಗದದ ಪಟ್ಟಿಯನ್ನು ಪೈಪಿಗೆ ಸರಿಯಾಗಿ ಒಂದು ಸುತ್ತು ಸುತ್ತಿ ಕತ್ತರಿಸಿ, ಅದನ್ನು ಬಿಚ್ಚಿ ಮೂರು ಸಲ ಅರ್ಧಕ್ಕೆ ಮಡಚಿದರೆ ಎಂಟು ಸಮ ಭಾಗ ಆಗುತ್ತದೆ. ಆ ಮಡಿಕೆಗಳ ಮೇಲೆ ಗುರುತು ಹಾಕಿ ಮತ್ತೆ ಪೈಪಿಗೆ ಸುತ್ತಿ. ಒಳಗೆ ಬಿಗಿಯಾಗಿ ಒಂದು ಮರದ ತುಂಡು ತೂರಿಸಿ. ಮೊದಲು 3 ಮಿ.ಮೀ. ಬಿಟ್, ಆಮೇಲೆ 6, ಕೊನೆಗೆ 10. ಒಂದೇ ಸಲ ದೊಡ್ಡ ಬಿಟ್ ಹಾಕಿದರೆ ಪೈಪ್ ಸೀಳುತ್ತದೆ. ತೂತುಗಳ ಮೂಲಕ ಕಾಣುವ ಒಳನಳಿಗೆಗೆ ಕಪ್ಪು ಬಣ್ಣ ಬಳಿದ ಮರದ ಕೋಲು ಇಡಿ. ಕಬ್ಬಿಣದ ಕೊಳವೆ ಖಂಡಿತ ಬೇಡ. ಮರದ ಕೋಲು ನೋಡಿದ ಯಾರಿಗೂ ಇದು ಏನನ್ನೂ ಹಾರಿಸುವ ವಸ್ತುವಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

'ಟಿ' ಪಟ್ಟಿಗೆ ಅಲ್ಯುಮಿನಿಯಂ ಕಿಟಕಿ ಮಾಡುವವರ ಅಂಗಡಿಗೆ ಹೋಗಿ, ಗಾಜಿನ ಸುತ್ತ ಹಾಕುವ ರಬ್ಬರಿನ ತುಂಡುಗಳು ನೆಲದ ಮೇಲೆ ಬಿದ್ದಿರುತ್ತವೆ. ಹಿಡಿಗೆ ಸಿಲ್ವರ್ ಓಕ್ ಒಳ್ಳೆಯದು, ಹಗುರ, ಅರ ಹಾಕಿದರೆ ಬೇಗ ಆಕಾರಕ್ಕೆ ಬರುತ್ತದೆ. ಸಂದುಗಳಿಗೆ ಎಂ-ಸೀಲ್. ದುರ್ಬೀನಿಗೆ ಹಳೇ ಸ್ಟೀಲ್ ಟಾರ್ಚು. ಇನ್ನು ಮೇಲೆ ಅಂಟಿಸುವ ಚಿಲ್ಲರೆ ಸಾಮಾನಿಗೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಸುತ್ತಿದರೆ ಸಾಕು, ಕೆಟ್ಟ ಕಾರ್ಬುರೇಟರ್ ಮುಚ್ಚಳ, ಬೈಕಿನ ಫ್ಯೂಸ್ ಬಾಕ್ಸು, ಏನು ಬೇಕಾದರೂ ಗುಜರಿ ಬೆಲೆಗೆ ಸಿಗುತ್ತದೆ. ಮನೆಯಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಹಳೇ ಪಂಪು ಇದ್ದರೆ ಅದರ ಹಿತ್ತಾಳೆ ನಾಜಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಸುತ್ತ ಗೀರುಗೀರು ಪಟ್ಟಿ, ತುದಿಯಲ್ಲಿ ಸಣ್ಣ ತೂತು, ಕಂಠದಲ್ಲಿ ಆರು ಮೂಲೆಯ ನಟ್ಟು. ಯಾವ ಲೋಕದ ಆಯುಧ ಅಂತ ಕೇಳುವ ಹಾಗಿರುತ್ತದೆ. ಮೈಲುತುತ್ತದ ಹಸಿರು ಕಿಲುಬು ಪೂರ್ತಿ ತೊಳೆದು ಬಳಸಿ.

ಪ್ರಶ್ನೆ: ಪೈಪಿನಲ್ಲಿ ಒಂದು ಬ್ಲಾಸ್ಟರ್ ಮಾಡಿದೆ. ಸ್ಪ್ರೇ ಪೇಂಟ್ ಹೊಡೆದರೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಥರ್ಮಾಕೋಲಿನ ಭಾಗ ಕರಗಿಯೇ ಹೋಯಿತು. ಪೇಂಟ್ ಕಳಪೆಯೇ? – ಹೊಸನಗರದ ಓದುಗರು

ಉತ್ತರ: ಪೇಂಟಿನ ತಪ್ಪಲ್ಲ, ಮಳೆಗಾಲದ್ದು. ಸ್ಪ್ರೇಯಲ್ಲಿರುವ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ಥಂಡಿ ಜಾಸ್ತಿ ಇದ್ದರೆ ಆ ನೀರಿನಂಶ ಪೇಂಟಿನ ಮೇಲೆ ಕೂತು ಬೆಳ್ಳಗಾಗುತ್ತದೆ. ನಿಮ್ಮ ಕಡೆ ಆಷಾಢದಲ್ಲಿ ಇದು ಆಗಿಯೇ ಆಗುತ್ತದೆ. ಮಳೆ ಬಿಟ್ಟ ಮಧ್ಯಾಹ್ನ ನೋಡಿ ಹೊಡೆಯಿರಿ, ತೆಳುವಾಗಿ, ಒಂದು ಕೋಟ್ ಆರಿದ ಮೇಲೆ ಇನ್ನೊಂದು. ಪೇಂಟಿನ ವಾಸನೆ ಪೂರ್ತಿ ಹೋದ ಮೇಲೆ ಹಳೇ ಕಾಲದ ಬಲ್ಬು ಹಾಕಿದ ರಟ್ಟಿನ ಪೆಟ್ಟಿಗೆಯಲ್ಲಿ ಇಡಬಹುದು. ಹಸಿ ಪೇಂಟ್ ಇರುವಾಗ ಬಲ್ಬಿನ ಹತ್ತಿರ ಬೇಡ, ಆ ಹಬೆಗೆ ಬೆಂಕಿ ಹತ್ತುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ.

ಥರ್ಮಾಕೋಲನ್ನು ಅದೇ ಥಿನ್ನರ್ ಕರಗಿಸುತ್ತದೆ. ಮೊದಲು ಫೆವಿಕಾಲ್ ಎರಡು ಕೋಟ್ ಬಳಿದು ಒಣಗಿಸಿ, ಆಮೇಲೆ ಬ್ರಷ್‌ನಲ್ಲಿ ನೀರಿನ ಪೇಂಟ್ ಹಚ್ಚಿ. ಸ್ಪ್ರೇ ತಾಗಿಸಲೇಬೇಡಿ. ಪೈಪಿಗೆ ಪೇಂಟ್ ಹಿಡಿಯಬೇಕಾದರೆ 220 ನಂಬರ್ ಉಪ್ಪುಕಾಗದದಿಂದ ಹೊಳಪು ಹೋಗುವ ತನಕ ಉಜ್ಜಿ ಪ್ರೈಮರ್ ಹೊಡೆಯಿರಿ.

ಲೋಹದ ಹಾಗೆ ಕಾಣಿಸಲು ಸುಲಭದ ದಾರಿ ಪೆನ್ಸಿಲ್ ಸೀಸದ ಪುಡಿ. ಹೊಳಪಿಲ್ಲದ ಕಪ್ಪು ಪೇಂಟ್ ಚೆನ್ನಾಗಿ ಒಣಗಿದ ಮೇಲೆ ಪುಡಿಯನ್ನು ಬೆರಳಲ್ಲಿ ತೆಗೆದು ಅಂಚುಗಳಿಗೆ, ಕೈ ಹಿಡಿದು ಹಿಡಿದು ಸವೆಯುವ ಜಾಗಗಳಿಗೆ ತಿಕ್ಕಿ. ಕಪ್ಪು ನಿಧಾನಕ್ಕೆ ಉಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಎಲ್ಲ ಕಡೆ ತಿಕ್ಕಬೇಡಿ, ಹೊಸ ಪಾತ್ರೆಯ ಹಾಗೆ ಕಾಣುತ್ತದೆ. ಪೈಪ್ ಬಗ್ಗಿಸುವುದಿದ್ದರೆ ಕುದಿಯುವ ನೀರಲ್ಲಿ ಅದ್ದಿ, ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬೆಂಕಿಗೆ ಹಿಡಿದರೆ ಆಸಿಡ್ ಹೊಗೆ ಬರುತ್ತದೆ, ಕಣ್ಣಿಗೂ ಎದೆಗೂ ಕೆಟ್ಟದ್ದು.

ಪ್ರಶ್ನೆ: ಮಗಳು ಇಂಥದ್ದೊಂದನ್ನು ಮಾಡಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತೆಗೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ಪ್ಲಾಸ್ಟಿಕ್ ಅಂತ ಬಿಡಬಹುದಾ? – ಸಾಗರದ ತಾಯಿ

ಉತ್ತರ: ಬಿಡಿ ಅಮ್ಮ, ಆದರೆ ಕೈಯಲ್ಲಿ ಹಿಡಿದುಕೊಂಡು ಅಲ್ಲ. ಒಂದು ವಿಷಯ ಹೇಳುತ್ತೇನೆ. ಇದೇ ಸ್ಟರ್ಲಿಂಗ್ ನಮ್ಮ ದೇಶದಲ್ಲೂ ತಯಾರಾಗಿದೆ, ಕಾನ್ಪುರದ ಕಾರ್ಖಾನೆಯಲ್ಲಿ, 9 ಎಂ.ಎಂ. ಕಾರ್ಬೈನ್ 1ಎ1 ಅನ್ನುವ ಹೆಸರಲ್ಲಿ. ಸೇನೆ, ಪೊಲೀಸರ ಹೆಗಲಲ್ಲಿ ಜನ ನೋಡಿ ನೋಡಿ ಗುರುತಿರುವ ಆಯುಧ ಅದು, ಎಡಗಡೆ ಮ್ಯಾಗಜೀನ್ ಚಾಚಿಕೊಂಡಿರುತ್ತದಲ್ಲ, ಅದೇ. ಹಾಗಾಗಿ ಸಿನಿಮಾ ನೋಡದವರಿಗೆ ನಿಮ್ಮ ಮಗಳ ಕೈಯಲ್ಲಿ ಕಾಣುವುದು ಬ್ಲಾಸ್ಟರ್ ಅಲ್ಲ, ಕಾರ್ಬೈನ್. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಗಾಬರಿಯಾದರೂ ಸಾಕು. ಎರಡು ತುಂಡಾಗಿ ಬಿಚ್ಚುವ ಹಾಗೆ ಮಾಡಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ದಾರ ಕಟ್ಟಿ ಕಳಿಸಿ. ಅಮೆರಿಕದಲ್ಲಿ ಆಟಿಕೆ ಬಂದೂಕಿನ ತುದಿ ಕಿತ್ತಳೆ ಬಣ್ಣದಲ್ಲಿರಬೇಕು ಅಂತ ಕಾನೂನೇ ಇದೆ. ಇಲ್ಲೂ ಹಾಗೆ ಮಾಡುವುದು ಒಳ್ಳೆಯದು, ವೇದಿಕೆ ಹತ್ತುವ ಮುಂಚೆ ತೆಗೆಯಬಹುದಾದ ಒಂದು ಕಿತ್ತಳೆ ಮುಚ್ಚಳ ಸಾಕು. ಕಾರ್ಯಕ್ರಮದವರಿಗೆ ಮೊದಲೇ ಫೋನ್ ಮಾಡಿ ತಿಳಿಸಿ. ವಿಮಾನದಲ್ಲಿ ಹೋಗುವುದಾದರೆ ಕೈಚೀಲದಲ್ಲಿ ಆಟಿಕೆ ಬಂದೂಕಿಗೂ ಅವಕಾಶ ಇಲ್ಲ.

ಪ್ರಶ್ನೆ: ಒಳಗೆ ಕೆಂಪು ಎಲ್‌ಇಡಿ ಹಾಕಿದರೆ ತಕ್ಷಣ ಸುಟ್ಟುಹೋಗುತ್ತಿದೆ. – ಭದ್ರಾವತಿ

ಉತ್ತರ: ರೆಸಿಸ್ಟರ್ ಹಾಕಿಲ್ಲ ಅನ್ನಿಸುತ್ತದೆ. ಮೂರು ಪೆನ್ಸಿಲ್ ಸೆಲ್ ಸೇರಿದರೆ 4.5 ವೋಲ್ಟ್, ಕೆಂಪು ಎಲ್‌ಇಡಿಗೆ ಬೇಕಿರುವುದು ಸುಮಾರು 2. ಮಧ್ಯೆ 150 ಓಮ್ ರೆಸಿಸ್ಟರ್ ಒಂದು ಸೇರಿಸಿ. ಎರಡು ಎಲ್‌ಇಡಿ ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ರೆಸಿಸ್ಟರ್ ಇರಲಿ. ಸೆಲ್ಲುಗಳನ್ನು ಹಿಡಿಯ ಒಳಗೆ ಇಡಿ, ತಳಕ್ಕೆ ಒಂದೇ ಸ್ಕ್ರೂವಿನ ಮುಚ್ಚಳ ಮಾಡಿ. ನಾಟಕ ಮುಗಿದ ಮೇಲೆ ಸೆಲ್ ತೆಗೆದುಬಿಡಿ, ಇಲ್ಲದಿದ್ದರೆ ಮಳೆಗಾಲದ ಥಂಡಿಗೆ ಸೋರಿ ಒಳಗಿನ ವೈರೆಲ್ಲ ಕಿಲುಬು ಹಿಡಿಯುತ್ತದೆ.